ಕೊನೆಯ ಕಂಬದ ಕರೆಂಟು: ಗಡಿನಾಡಿನ ವಿತರಣಾ ಜಾಲವೂ ಸಣ್ಣ ಗಾಳಿಯಂತ್ರವೂ



ವಿದ್ಯುತ್ತಿನ ಬಗ್ಗೆ ನಾವು ಸಾರ್ವಜನಿಕವಾಗಿ ಆಡುವ ಮಾತೆಲ್ಲ ಹೆಚ್ಚಾಗಿ ಉತ್ಪಾದನೆಯ ಮಾತೇ ಆಗಿರುತ್ತದೆ. ಅಣೆಕಟ್ಟಿನಲ್ಲಿ ನೀರು ಎಷ್ಟಿದೆ, ಕಲ್ಲಿದ್ದಲು ಎಷ್ಟು ದಿನಕ್ಕೆ ಸಾಕು, ಹೊಸ ಸೋಲಾರ್ ಪಾರ್ಕು ಎಷ್ಟು ಮೆಗಾವಾಟಿನದು ಎಂದು ಕೇಳುತ್ತೇವೆ. ವಿತರಣೆ ಸುದ್ದಿಯಾಗುವುದು ತಂತಿ ಕಡಿದು ಬಿದ್ದಾಗ ಮಾತ್ರ. ಸಬ್‌ಸ್ಟೇಷನ್ನಿನಿಂದ ಹೊರಟ ವಿದ್ಯುತ್ತು ತೋಟದ ಮೋಟಾರಿಗೆ ತಲಪುವ ಆ ಹತ್ತಿಪ್ಪತ್ತು ಕಿಲೋಮೀಟರಿನ ದಾರಿಯನ್ನು ಎಂಜಿನಿಯರಿಂಗ್ ಕಾಲೇಜುಗಳ ಪಾಠಕ್ರಮವೂ ಕೊನೆಯ ಅಧ್ಯಾಯಕ್ಕೆ ತಳ್ಳಿದೆ. ನನ್ನ ಇಂದಿನ ಮಾತು ಆ ದಾರಿಯ ಬಗ್ಗೆ. ಅದರ ಜೊತೆಗೆ ಗುಡ್ಡೆಯ ಮೇಲೆ ಗಾಳಿಯಂತ್ರ ನಿಲ್ಲಿಸಿ ನಮ್ಮ ಕರೆಂಟು ನಾವೇ ಮಾಡಿಕೊಳ್ಳಬಾರದೇ ಎಂಬ, ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಡುವುದೂ ಇದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಕಾಡಿಯಂಥ ಊರಿಗೆ ಅತ್ಯಂತ ಹತ್ತಿರದ, ಅತ್ಯಂತ ಅಗ್ಗದ ವಿದ್ಯುದಾಗರವಿರುವುದು ಈಗಾಗಲೇ ಎಳೆದಿರುವ ತಂತಿಯಲ್ಲಿ. ಅಲ್ಲಿ ಶಾಖವಾಗಿ ಪೋಲಾಗುತ್ತಿರುವುದನ್ನು ಮೊದಲು ಉಳಿಸಿಕೊಳ್ಳಬೇಕು. ಗಾಳಿಯ ಸರದಿ ಆಮೇಲೆ ಬರುತ್ತದೆ, ಅದೂ ಅಳತೆ ಮಾಡಿ ನೋಡಿದ ಮೇಲೆ.

ವರ್ಕಾಡಿ, ಪಾವೂರು, ಕೊಡ್ಲಮೊಗರು, ಪಾತೂರು ಗ್ರಾಮಗಳ ಈ ಪ್ರದೇಶ ಕೇರಳದ ವಿದ್ಯುತ್ ಜಾಲದ ಉತ್ತರದ ಅಂಚು. ಗಡಿ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಕರ್ನಾಟಕದ ಬಂಟ್ವಾಳ ತಾಲೂಕು, ಅಲ್ಲಿನ ವಿತರಣಾ ಕಂಪನಿ ಮೆಸ್ಕಾಂನ ಕಂಬಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1957ರ ಮಾರ್ಚ್ 31ರಂದು ಕೇರಳ ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. ಕೇರಳದ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಹೆಚ್ಚಿನವು ಪಳ್ಳಿವಾಸಲ್, ಇಡುಕ್ಕಿ, ಶಬರಿಗಿರಿ ಎಂದು ದಕ್ಷಿಣದ ಮಲೆಗಳಲ್ಲಿರುವುದರಿಂದ, ನಮ್ಮ ಪಾಲಿಗೆ ವಿದ್ಯುತ್ತು ಬರುವುದು ಉದ್ದದ ದಾರಿಯ ಕೊನೆಯಲ್ಲಿ. ಭೂಗೋಳದ ಈ ಕೊರತೆಯನ್ನು ತುಂಬಲೆಂದೇ ಕರ್ನಾಟಕದ ಕೊಣಾಜೆಯಿಂದ ಮಂಜೇಶ್ವರಕ್ಕೆ 110 ಕೆ.ವಿ. ಅಂತಾರಾಜ್ಯ ಲೈನ್ ಇದೆ. ಉಡುಪಿಯಿಂದ ಕರಿಂದಳಕ್ಕೆ 400 ಕೆ.ವಿ. ಲೈನಿನ ಯೋಜನೆಯೂ ಬಂತು, ಅದು ಹಾದುಹೋಗುವ ದಕ್ಷಿಣ ಕನ್ನಡದ ತೋಟಗಳಲ್ಲಿ ಪರಿಹಾರದ ಪ್ರಶ್ನೆಯೂ ಎದ್ದಿತು. ಇವೆಲ್ಲ ದೊಡ್ಡ ಜಾಲದ ಸಂಗತಿಗಳು. ದೊಡ್ಡ ಜಾಲ ಗಟ್ಟಿಯಾದರೆ ಸಬ್‌ಸ್ಟೇಷನ್ನಿನ ವೋಲ್ಟೇಜು ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ, ತೋಟದ ನಡುವೆ ಹಾದುಹೋಗುವ ಎಲ್.ಟಿ. (ಕಡಿಮೆ ವೋಲ್ಟೇಜಿನ) ಲೈನಿನ ಕೊನೆಯ ಕಂಬಕ್ಕೆ ಅದರಿಂದ ಸಿಗುವ ಭರವಸೆ ಕಡಿಮೆ.

ಈ ನೆಲದ ಬೇಡಿಕೆಯ ಸ್ವರೂಪವನ್ನು ಇಲ್ಲಿ ಗಮನಿಸಬೇಕು. ಮೇಲೆ ಮುರಕಲ್ಲಿನ ಪದವು, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ನಡುವೆ ಚದುರಿದ ಮನೆಗಳು. ಬಯಲುಸೀಮೆಯ ಹಳ್ಳಿಯಂತೆ ಮನೆಗಳೆಲ್ಲ ಒಂದೆಡೆ ಗುಂಪಾಗಿಲ್ಲ. ಹಾಗಾಗಿ ಒಂದೊಂದು ಮನೆಗೂ ತಂತಿಯ ಉದ್ದ ಹೆಚ್ಚು. ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಜಾಲ ಬಲ್ಬು, ಫ್ಯಾನು, ಮಿಕ್ಸಿಯ ಭಾರವನ್ನಷ್ಟೇ ಹೊರುತ್ತದೆ. ಡಿಸೆಂಬರಿನಲ್ಲಿ ತೋಟಕ್ಕೆ ನೀರು ಬಿಡಲು ತೊಡಗಿದ ಮೇಲೆ ಅದೇ ತಂತಿ ಒಮ್ಮೆಲೇ ಹಲವು ಪಟ್ಟು ಭಾರ ಹೊರಬೇಕಾಗುತ್ತದೆ, ಮೇ ತಿಂಗಳ ಕೊನೆಯವರೆಗೂ. ಒಂದು ಕಾಲದಲ್ಲಿ ನಮ್ಮ ಮಂಜೇಶ್ವರ ತಾಲೂಕಿನ ತೋಟಗಳು ವಿದ್ಯುತ್ತಿಲ್ಲದೆಯೇ ನೀರುಂಡವು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ತಾನಾಗಿ ಹರಿದು ಬರುತ್ತಿತ್ತು, ಇಳಿಜಾರೇ ಅದಕ್ಕೆ ಪಂಪು. ಬಾಯಾರು, ಪೈವಳಿಕೆ ಕಡೆ ಈಗಲೂ ಅವು ಬದುಕಿವೆ. ಬಾವಿಗೆ ಏತ ಇತ್ತು, ಆಮೇಲೆ ಡೀಸೆಲ್ ಪಂಪು ಬಂತು, ಮತ್ತೆ ವಿದ್ಯುತ್ ಮೋಟಾರು, ಕೊನೆಗೆ ನೂರಾರು ಅಡಿಯ ಬೋರ್‌ವೆಲ್. ನೀರು ಆಳಕ್ಕೆ ಇಳಿದಷ್ಟೂ ಮೋಟಾರಿನ ಕುದುರೆಬಲ ಏರಿತು. ತಂತಿಯ ದಪ್ಪ ಮಾತ್ರ ಹಾಗೇ ಉಳಿಯಿತು.

ದೂರದ ಸಾಗಣೆಯನ್ನು ನಮ್ಮವರು ಬಹಳ ಬೇಗ ಸಾಧಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆಗೊಂಡ ಶಿವನಸಮುದ್ರದ ಕೇಂದ್ರ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿತು. ಆಗ ಜಗತ್ತಿನ ಅತಿ ಉದ್ದದ ಸಾಗಣೆ ಲೈನುಗಳ ಸಾಲಿನಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆದರೆ ಆ ಲೈನ್ ಹಾದುಹೋದ ದಾರಿಯ ಹಳ್ಳಿಗಳು ಕತ್ತಲಲ್ಲೇ ದಶಕಗಳನ್ನು ಕಳೆದವು. ಒಂದೇ ಗಿರಾಕಿಗೆ, ಒಂದೇ ದಿಕ್ಕಿನಲ್ಲಿ, ಒಂದೇ ಸಮನಾದ ಭಾರಕ್ಕೆ ವಿದ್ಯುತ್ತು ಕಳಿಸುವುದು ಸುಲಭ. ಸಾವಿರ ಗಿರಾಕಿಗಳಿಗೆ, ಸಾವಿರ ದಿಕ್ಕಿಗೆ, ಹೊತ್ತಿಗೊಂದು ಭಾರಕ್ಕೆ ಹಂಚುವುದೇ ಕಷ್ಟದ ಕೆಲಸ. ಈ ಕಷ್ಟವನ್ನು ಕೇರಳ ಇತರ ಹಲವು ರಾಜ್ಯಗಳಿಗಿಂತ ಚೆನ್ನಾಗಿ ನಿಭಾಯಿಸಿತು ಎಂದು ಒಪ್ಪಿಕೊಳ್ಳಬೇಕು. 2017ರ ಮೇ 29ರಂದು ರಾಜ್ಯ ಪೂರ್ಣ ವಿದ್ಯುದೀಕರಣ ಘೋಷಿಸಿತು. ಈ ಶತಮಾನದ ಮೊದಲಲ್ಲಿ ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾಗಣೆ–ವಿತರಣೆ ನಷ್ಟ ಎರಡು ದಶಕಗಳಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಆದರೆ ಸರಾಸರಿ ಎಂಬುದು ಕೊಚ್ಚಿಯನ್ನೂ ಕೊಡ್ಲಮೊಗರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದ ಸಂಖ್ಯೆ. ಎಪ್ರಿಲ್ ತಿಂಗಳ ಮಧ್ಯಾಹ್ನ ಮೋಟಾರು ಗುಂಯ್‌ಗುಟ್ಟಿ ನಿಂತಲ್ಲೇ ನಿಂತಾಗ ಆ ಸರಾಸರಿಯಿಂದ ಏನೂ ತಿಳಿಯುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಸಂಖ್ಯೆಗಳಿಂದ ಬೇಸರವಾದರೆ ಕ್ಷಮೆಯಿರಲಿ, ಆದರೆ ನನ್ನ ವಾದವೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ನಮ್ಮ ಎಲ್.ಟಿ. ಲೈನುಗಳ ಅಲ್ಯುಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು: ಸ್ಕ್ವಿರಲ್, ವೀಸಲ್, ರ‍್ಯಾಬಿಟ್. ಲೈನ್‌ಮನ್‌ಗಳ ಬಾಯಲ್ಲೂ ಗುಮಾಸ್ತರ ಕಡತದಲ್ಲೂ ಇವೇ ಹೆಸರು. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.91 ಓಮ್, ಅದಕ್ಕಿಂತ ದಪ್ಪದ ರ‍್ಯಾಬಿಟ್‌ನದು ಸುಮಾರು 0.54. ಟ್ರಾನ್ಸ್‌ಫಾರ್ಮರಿನಿಂದ ಒಂದು ಕಿಲೋಮೀಟರ್ ದೂರದಲ್ಲಿ, ವೀಸಲ್ ತಂತಿಯ ತುದಿಯಲ್ಲಿ, 5 ಎಚ್.ಪಿ.ಯ ಐದು ತ್ರೀ ಫೇಸ್ ಮೋಟಾರುಗಳು ಏಕಕಾಲಕ್ಕೆ ಓಡುತ್ತಿವೆ ಎಂದುಕೊಳ್ಳಿ. ಒಂದೊಂದು ಮೋಟಾರು ಸುಮಾರು 8 ಆಂಪಿಯರ್ ಎಳೆದರೆ ಒಟ್ಟು 40 ಆಂಪಿಯರ್. ರೋಧ, ಪ್ರೇರಕತೆ ಎರಡನ್ನೂ ಸೇರಿಸಿದರೆ ಒಂದೊಂದು ಫೇಸಿನಲ್ಲಿ ದಾರಿಯಲ್ಲೇ ಸುಮಾರು 37 ವೋಲ್ಟ್ ಕರಗುತ್ತದೆ. ಟ್ರಾನ್ಸ್‌ಫಾರ್ಮರ್ ಬಳಿ 240 ವೋಲ್ಟ್ ಇದ್ದರೆ ತುದಿಯಲ್ಲಿ ಉಳಿಯುವುದು 203. ಕೇರಳದ ಸರಬರಾಜು ನಿಯಮಾವಳಿಯಂತೆ 230 ವೋಲ್ಟಿನಿಂದ ಶೇಕಡಾ 6ಕ್ಕಿಂತ ಹೆಚ್ಚು ಇಳಿಯಬಾರದು, ಅಂದರೆ 216 ಕನಿಷ್ಠ ಮಿತಿ. ನಮ್ಮ ಲೆಕ್ಕದ ತುದಿ ಅದಕ್ಕಿಂತ ಬಹಳ ಕೆಳಗೆ ಬಿತ್ತು.

ನಷ್ಟದ ಕತೆ ಇದಕ್ಕಿಂತ ಮುಖ್ಯ. ತಂತಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 40 ಆಂಪಿಯರಿಗೆ ಮೂರು ತಂತಿಗಳಲ್ಲಿ ಸೇರಿ ಸುಮಾರು 4.4 ಕಿಲೋವಾಟ್. ಆ ಐದೂ ಮೋಟಾರುಗಳು ಬಳಸುವುದು 23 ಕಿಲೋವಾಟ್. ಐದು ಮೋಟಾರು ಓಡಿಸಲು ಹೆಚ್ಚುಕಡಿಮೆ ಆರನೆಯ ಮೋಟಾರಿನ ವಿದ್ಯುತ್ತನ್ನು ಗಾಳಿಗೆ ಬಿಟ್ಟಂತಾಯಿತು. ದಿನಕ್ಕೆ 6 ತಾಸಿನಂತೆ 150 ದಿನ ನೀರು ಬಿಟ್ಟರೆ ಈ ಒಂದು ಕಿಲೋಮೀಟರಿನಲ್ಲೇ ವರ್ಷಕ್ಕೆ ಸುಮಾರು 4,000 ಯೂನಿಟ್. ವೋಲ್ಟೇಜು ಇಳಿದಾಗ ಮೋಟಾರು ಅದೇ ಕೆಲಸಕ್ಕೆ ಇನ್ನಷ್ಟು ಕರೆಂಟು ಎಳೆಯುವುದರಿಂದ ನಿಜವಾದ ನಷ್ಟ ಇದಕ್ಕಿಂತಲೂ ಹೆಚ್ಚು. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗದಂತೆ ಕುಗ್ಗುತ್ತದೆ. ಶೇಕಡಾ 85ರಷ್ಟು ವೋಲ್ಟೇಜು ಸಿಕ್ಕಿದರೆ ತಿರುಚುಬಲ ಶೇಕಡಾ 72ಕ್ಕೆ ಇಳಿಯುತ್ತದೆ. ಮೋಟಾರು ಹೊರಡುವುದಿಲ್ಲ, ಹೊರಟರೂ ಕಾಯುತ್ತದೆ, ವೈಂಡಿಂಗ್ ಸುಟ್ಟುಹೋಗುತ್ತದೆ. ಆಗ ಕೃಷಿಕ ಏನು ಮಾಡುತ್ತಾನೆ? ಐದರ ಜಾಗದಲ್ಲಿ ಏಳೂವರೆ ಎಚ್.ಪಿ. ತಂದು ಕೂರಿಸುತ್ತಾನೆ. ಅವನ ಮಟ್ಟಿಗೆ ಅದು ಪರಿಹಾರ, ಲೈನಿನ ಮಟ್ಟಿಗೆ ಇನ್ನೊಂದು ಹೊರೆ. ನೆರೆಯವನೂ ಹಾಗೇ ಮಾಡುತ್ತಾನೆ. ತೋಡಿನ ನೀರನ್ನು ಮೇಲಿನ ತೋಟದವರು ತಿರುಗಿಸಿಕೊಂಡರೆ ಕೆಳಗಿನವರ ಬುಡ ಒಣಗುವಂತೆ, ಟ್ರಾನ್ಸ್‌ಫಾರ್ಮರಿಗೆ ಹತ್ತಿರದವರು ಎಳೆದುಕೊಂಡದ್ದು ತುದಿಯವರ ಪಾಲಿನಿಂದ ಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಜಾಲದ ವಿನ್ಯಾಸವೇ ಹಾಗಿದೆ.

ಪರಿಹಾರ ಏನು ಎಂಬುದಕ್ಕೆ ಎಂಜಿನಿಯರಿಂಗ್ ಅಧ್ಯಯನಗಳು ಹಲವು ದಶಕಗಳಿಂದ ಹೇಳುತ್ತ ಬಂದ ಉತ್ತರ ಒಂದಿದೆ. ಎಲ್.ಟಿ. ಲೈನನ್ನು ಗಿಡ್ಡ ಮಾಡಿ, 11 ಕೆ.ವಿ. ಲೈನನ್ನೇ ತೋಟದ ಬಾಗಿಲವರೆಗೆ ಒಯ್ದು, ಅಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲು ಕೆಲವು ಸಣ್ಣ ಟ್ರಾನ್ಸ್‌ಫಾರ್ಮರುಗಳನ್ನು ಕೂರಿಸುವುದು. ಎಚ್.ವಿ.ಡಿ.ಎಸ್. ಎಂದು ಇಲಾಖೆಯವರು ಕರೆಯುವುದು ಇದನ್ನೇ. ಮೇಲಿನ ಉದಾಹರಣೆಯ 40 ಆಂಪಿಯರ್ 11 ಕೆ.ವಿ.ಯಲ್ಲಿ ಒಂದೂವರೆ ಆಂಪಿಯರಿನಷ್ಟಾಗುತ್ತದೆ. 4.4 ಕಿಲೋವಾಟ್ ಇದ್ದ ನಷ್ಟ ಹತ್ತು ವಾಟಿನೊಳಗೆ ಬರುತ್ತದೆ. ಇಷ್ಟು ಕೇಳಿದರೆ ನಾಳೆಯೇ ಮಾಡಬಹುದಲ್ಲ ಎನಿಸುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಖಾಲಿ ನಿಂತಾಗಲೂ ಅದರ ಕಬ್ಬಿಣದ ತಿರುಳು ವಿದ್ಯುತ್ತು ತಿನ್ನುತ್ತಿರುತ್ತದೆ. ಹಳೆಯ ಮಾದರಿಯ 25 ಕೆ.ವಿ.ಎ. ಟ್ರಾನ್ಸ್‌ಫಾರ್ಮರಿನಲ್ಲಿ ಇದು ಸುಮಾರು 100 ವಾಟ್, ಅಂದರೆ ವರ್ಷಕ್ಕೆ 876 ಯೂನಿಟ್. ಅಂಥ ಎರಡು ಹಾಕಿದರೆ 1,750. ಪಂಪು ಓಡುವುದು ಐದು ತಿಂಗಳು, ತಿರುಳು ತಿನ್ನುವುದು ಹನ್ನೆರಡು ತಿಂಗಳು. ಆಗಲೂ 4,000ದಲ್ಲಿ 1,750 ಕಳೆದರೆ ಉಳಿತಾಯವೇ ಹೆಚ್ಚು, ವೋಲ್ಟೇಜು ಸುಧಾರಿಸಿದ ಲಾಭ ಬೇರೆ. ಐದು ಮೋಟಾರಿರುವಲ್ಲಿ ಲೆಕ್ಕ ಸರಿಹೋಗುತ್ತದೆ, ಒಂದೇ ಮೋಟಾರಿರುವಲ್ಲಿ ಸರಿಹೋಗುವುದಿಲ್ಲ. ಎಲ್ಲಿ 11 ಕೆ.ವಿ. ಎಳೆಯಬೇಕು, ಎಲ್ಲಿ ವೀಸಲ್ ತೆಗೆದು ರ‍್ಯಾಬಿಟ್ ಹಾಕಿದರೆ ಸಾಕು, ಎಲ್ಲಿ ಏನೂ ಬೇಡ ಎಂದು ಕಂಬ ಕಂಬದ ಲೆಕ್ಕ ಮಾಡದೆ ಹೇಳಲಾಗದು. ಇಡೀ ಪಂಚಾಯತಿಗೆ ಒಂದೇ ಮದ್ದು ಬರೆಯುವ ಯೋಜನೆಗಳ ಬಗ್ಗೆ ನನಗೆ ನಂಬಿಕೆ ಕಡಿಮೆ.

ಇದಕ್ಕಿಂತ ಅಗ್ಗದ ಮದ್ದು ಕೆಪಾಸಿಟರ್. ಪಂಪಿನ ಮೋಟಾರಿನ ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿದರೆ ಕರೆಂಟು ಆರನೇ ಒಂದಂಶ ತಗ್ಗುತ್ತದೆ, ಲೈನಿನ ನಷ್ಟ ಶೇಕಡಾ 29ರಷ್ಟು ಇಳಿಯುತ್ತದೆ. 5 ಎಚ್.ಪಿ. ಮೋಟಾರಿಗೆ 2 ಕೆ.ವಿ.ಎ.ಆರ್. ಕೆಪಾಸಿಟರ್ ಸಾಕು, ಸ್ಟಾರ್ಟರಿನ ಪಕ್ಕದಲ್ಲೇ ಕೂರುತ್ತದೆ. ಇಷ್ಟು ಸುಲಭದ್ದು ಹೆಚ್ಚಿನ ತೋಟಗಳಲ್ಲಿ ಏಕಿಲ್ಲ? ಕೆಪಾಸಿಟರ್ ಹಾಕಿದವನ ಬಿಲ್ಲಿನಲ್ಲಿ ಅದರ ಲಾಭ ಕಾಣುವುದಿಲ್ಲ. ಅವನ ಹಣಕ್ಕೆ ಲಾಭವಾಗುವುದು ಲೈನಿನ ಮೇಲಿರುವ ಎಲ್ಲರಿಗೆ. ಇಂಥದ್ದನ್ನು ಒಬ್ಬೊಬ್ಬರ ಮರ್ಜಿಗೆ ಬಿಟ್ಟರೆ ಆಗುವುದಿಲ್ಲ. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಎಲ್ಲರೂ ಸೇರಿ ಮಾಡಬೇಕು, ಅಥವಾ ಮಂಡಳಿಯೇ ಮಾಡಬೇಕು. ಫುಟ್‌ವಾಲ್ವ್ ಮತ್ತು ಪೈಪುಗಳ ಮಾತೂ ಇದಕ್ಕೆ ಸೇರುತ್ತದೆ. 1980ರ ದಶಕದಲ್ಲಿ ಗುಜರಾತಿನಲ್ಲಿ ನಡೆದ ಅಧ್ಯಯನಗಳು, ಬಿಗಿಯಾದ ಫುಟ್‌ವಾಲ್ವನ್ನೂ ಸಪೂರ ಪೈಪನ್ನೂ ಬದಲಿಸಿದರೆ ಸಾಕು, ಅದೇ ನೀರಿಗೆ ಗಣನೀಯವಾಗಿ ಕಡಿಮೆ ವಿದ್ಯುತ್ತು ಬೇಕಾಗುತ್ತದೆ ಎಂದು ತೋರಿಸಿದವು. ಮನೆಗಳ ಸಿಂಗಲ್ ಫೇಸ್ ಸಂಪರ್ಕಗಳನ್ನು ಮೂರು ಫೇಸುಗಳಿಗೂ ಸಮನಾಗಿ ಹಂಚುವ ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ, ಒಬ್ಬ ಲೈನ್‌ಮನ್‌ನ ಅರ್ಧ ದಿನ ಸಾಕು.

ನಮ್ಮ ಊರಿಗೇ ವಿಶೇಷವಾದ ಎರಡು ಸಂಗತಿಗಳು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಒಂದು, ಮರ. ತೆಂಗಿನ ಮಡಲು, ಅಡಿಕೆಯ ಸೋಗೆ, ರಬ್ಬರಿನ ಗೆಲ್ಲು ಇವು ಮಳೆಗಾಲವಿಡೀ ತಂತಿಗೆ ತಾಗುತ್ತಲೇ ಇರುತ್ತವೆ. ಮೇ ತಿಂಗಳಲ್ಲಿ ಟಚ್ಚಿಂಗ್ ಕಡಿಯುವುದು ವಾರ್ಷಿಕ ಕರ್ಮ. ಬರಿತಂತಿಯ ಬದಲು ಹೊದಿಕೆಯ ಕೇಬಲ್ ಎಳೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಕಡಿಯುವ ಕೂಲಿಯೂ ಉಳಿಯುತ್ತದೆ. ಇನ್ನೊಂದು, ಮುರಕಲ್ಲು. ಒಣಗಿದ ಮುರಕಲ್ಲಿನ ನೆಲದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಹಾಗಾಗಿ ಪದವಿನ ಮೇಲೆ ಅರ್ಥಿಂಗ್ ಮಾಡುವುದು ಕಷ್ಟ. ಕಡಿದು ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟು ಅಲ್ಪವಾಗಿದ್ದು, ಸಬ್‌ಸ್ಟೇಷನ್ನಿನ ಬ್ರೇಕರ್ ಅದನ್ನು ಗುರುತಿಸದೆ ಇರಬಹುದು. ತಂತಿ ನೆಲದಲ್ಲಿ ಬಿದ್ದಿದೆ, ಕರೆಂಟು ಅದರಲ್ಲೇ ಇದೆ. ನ್ಯೂಜಿಲೆಂಡಿನಲ್ಲಿ 1920ರ ದಶಕದಲ್ಲಿ ರೂಪುಗೊಂಡ, ಒಂದೇ ತಂತಿ ಎಳೆದು ಭೂಮಿಯನ್ನೇ ಮರಳುದಾರಿಯಾಗಿ ಬಳಸುವ ಅಗ್ಗದ ವಿಧಾನ ಆಸ್ಟ್ರೇಲಿಯಾದ ವಿಶಾಲ ಹುಲ್ಲುಗಾವಲುಗಳಿಗೆ ಬೆಳಕು ಕೊಟ್ಟಿತು. ಅದನ್ನು ಇಲ್ಲಿಗೆ ತರೋಣ ಎಂದು ಯಾರಾದರೂ ಹೇಳಿದರೆ ಮೊದಲು ನಮ್ಮ ಪಾರೆಯ ಮೇಲೊಂದು ಅರ್ಥ್ ಪೈಪು ಹೊಡೆದು ಅಳೆದು ನೋಡಲಿ.

ಅಳೆಯುವ ಮಾತು ಬಂದದ್ದರಿಂದ ಗಡಿಯ ಎರಡೂ ಬದಿಯನ್ನು ಹೋಲಿಸುವುದು ಉಚಿತ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ, ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಪಂಪು ಎಷ್ಟು ತಿಂದಿತು, ತಂತಿ ಎಷ್ಟು ತಿಂದಿತು ಎಂದು ಅಲ್ಲಿ ಬೇರ್ಪಡಿಸುವುದು ಅಂದಾಜಿನ ಮೇಲೆ. ಕೇರಳದಲ್ಲಿ ಕೃಷಿ ಸಂಪರ್ಕಕ್ಕೂ ಮೀಟರಿದೆ, ದರ ಕಡಿಮೆ. ಆ ಕಡೆಯ ನೆಂಟರಿಗೆ ಬಿಲ್ಲೇ ಇಲ್ಲ ಎಂದು ನಾವು ಕೊರಗುವುದುಂಟು. ಆದರೆ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಮೀಟರು, ಅದರ ಕೆಳಗಿನ ಎಲ್ಲ ಮನೆ–ತೋಟಗಳ ಮೀಟರು, ಇವೆರಡರ ವ್ಯತ್ಯಾಸ ತೆಗೆದರೆ ನಮ್ಮ ನಷ್ಟ ನಮಗೆ ಯೂನಿಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಈ ಅನುಕೂಲ ಗಡಿಯಾಚೆಯ ಸಂಶೋಧಕನಿಗಿಲ್ಲ. ಅದನ್ನು ನಾವು ಬಳಸಿಕೊಂಡಿಲ್ಲ ಎಂಬುದೇ ನನ್ನ ದೂರು.

ಕೊನೆಯ ಬಳಕೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವ ಈ ಕ್ರಮಕ್ಕೆ ಕನ್ನಡ ನೆಲದಲ್ಲೇ ಒಬ್ಬ ದೊಡ್ಡ ಗುರು ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ಕುಮಾರ್ ರೆಡ್ಡಿ. ಕರ್ನಾಟಕಕ್ಕೆ ಮುಂದಿನ ವರ್ಷಗಳಲ್ಲಿ ಎಷ್ಟು ವಿದ್ಯುತ್ತು ಬೇಕು ಎಂದು ಸರಕಾರದ ಸಮಿತಿ 1987ರಲ್ಲಿ ಹಳೆಯ ಬೆಳವಣಿಗೆಯ ಗೆರೆಯನ್ನೇ ಮುಂದಕ್ಕೆ ಎಳೆದು ದೊಡ್ಡ ಸಂಖ್ಯೆ ಹೇಳಿತು. ರೆಡ್ಡಿ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟಲ್ಲ, ಬೆಳಕು, ನೀರು, ಬೇಯಿಸುವ ಶಾಖ. ಆ ಸೇವೆಗಳನ್ನು ದಕ್ಷವಾಗಿ ಒದಗಿಸಿದರೆ ಎಷ್ಟು ಯೂನಿಟ್ ಸಾಕು? 1991ರಲ್ಲಿ ಪ್ರಕಟವಾದ ಅವರ ಅಧ್ಯಯನ, ಬಹಳ ಕಡಿಮೆ ವಿದ್ಯುತ್ತಿನಿಂದ, ಬಹಳ ಕಡಿಮೆ ವೆಚ್ಚದಲ್ಲಿ, ಎಲ್ಲ ಮನೆಗಳಿಗೂ ಸಂಪರ್ಕ ಕೊಟ್ಟೂ ಕೆಲಸ ನಡೆಯುತ್ತದೆ ಎಂದು ತೋರಿಸಿತು. ಸರಕಾರಗಳು ಅದನ್ನು ಪೂರ್ತಿಯಾಗಿ ಕೈಗೆತ್ತಿಕೊಳ್ಳಲಿಲ್ಲ. ಪಂಚಾಯತಿಯ ಮಟ್ಟದಲ್ಲಿ ಕೈಗೆತ್ತಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಈಗ ಗಾಳಿಗೆ ಬರೋಣ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ ಚದರ ಮೀಟರಿಗೆ ಕೇವಲ 16 ವಾಟ್ ಇದೆ, 6 ಮೀಟರಿನಲ್ಲಿ 130, 12 ಮೀಟರಿನಲ್ಲಿ ಸಾವಿರಕ್ಕೂ ಮೇಲೆ. ಎಂಥ ಯಂತ್ರವೂ ಇದರಲ್ಲಿ ಶೇಕಡಾ 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಬೆಟ್ಜ್ ಒಂದು ಶತಮಾನದ ಹಿಂದೆಯೇ ಸಾಧಿಸಿ ತೋರಿಸಿದರು. ಸಣ್ಣ ಯಂತ್ರಗಳು ವಾಸ್ತವದಲ್ಲಿ ಹಿಡಿಯುವುದು ಕಾಲು ಭಾಗ. 3 ಮೀಟರ್ ವ್ಯಾಸದ, ಒಂದೂವರೆ–ಎರಡು ಕಿಲೋವಾಟ್ ಎಂದು ಮಾರಾಟವಾಗುವ ಯಂತ್ರವನ್ನು ಸರಾಸರಿ ವೇಗ 3 ಮೀಟರ್ ಇರುವ ತಾಣದಲ್ಲಿ ನಿಲ್ಲಿಸಿದರೆ ಏನು ಸಿಗುತ್ತದೆ? ಆ ವೇಗದಲ್ಲಿ ಒಂದೇ ಸಮನೆ ಬೀಸಿದರೆ 28 ವಾಟ್. ಗಾಳಿ ಏರಿಳಿಯುವುದರಿಂದ ಘನದ ನಿಯಮ ನಮ್ಮ ಪರವಾಗಿಯೂ ಸ್ವಲ್ಪ ಕೆಲಸ ಮಾಡಿ ಇದನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಆದರೂ ವರ್ಷಕ್ಕೆ 500 ಯೂನಿಟ್ ದಾಟುವುದು ಕಷ್ಟ. 2 ಕಿಲೋವಾಟಿನ ಸೋಲಾರ್ ಫಲಕಗಳು ನಮ್ಮ ಛಾವಣಿಯಲ್ಲಿ ವರ್ಷಕ್ಕೆ 2,500 ಯೂನಿಟ್ ಕೊಡುತ್ತವೆ, ತಿರುಗುವ ಒಂದು ಭಾಗವೂ ಇಲ್ಲದೆ.

ಯಂತ್ರದ ರೆಕ್ಕೆ ಸುತ್ತಲ 150 ಮೀಟರಿನೊಳಗಿನ ಮರಗಳಿಗಿಂತ ಕನಿಷ್ಠ 10 ಮೀಟರ್ ಮೇಲಿರಬೇಕು ಎಂಬುದು ಎಲ್ಲೆಡೆ ಒಪ್ಪಿದ ನಿಯಮ. ಅಡಿಕೆ ಮರಕ್ಕೇ 15 ಮೀಟರ್, ತೆಂಗಿಗೆ ಅದಕ್ಕೂ ಹೆಚ್ಚು. ಹಾಗಾದರೆ ತೋಟದ ನಡುವಿನ ಗೋಪುರಕ್ಕೆ 25–30 ಮೀಟರ್ ಎತ್ತರ ಬೇಕು, ಯಂತ್ರಕ್ಕಿಂತ ಗೋಪುರವೇ ದುಬಾರಿ. ಮನೆಯ ಟೆರೇಸಿನ ಮೇಲೆ ಕೂರಿಸುವ ಪುಟ್ಟ ಯಂತ್ರಗಳ ಜಾಹೀರಾತುಗಳನ್ನು ನಂಬಬೇಡಿ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ಅಲ್ಲಿ ಸಿಗುವುದು ಸುಳಿಗಾಳಿ. ಅದು ಯಂತ್ರವನ್ನು ತಿರುಗಿಸುವುದಕ್ಕಿಂತ ಅಲುಗಾಡಿಸುವುದೇ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಲದ್ದು. ಪಶ್ಚಿಮ ಕರಾವಳಿಯಲ್ಲಿ ಗಾಳಿ ಜೋರಾಗುವುದು ಜೂನ್–ಆಗಸ್ಟ್ ಮಳೆಗಾಲದಲ್ಲಿ. ಪಾಲಕ್ಕಾಡ್ ಕಣಿವೆಯಲ್ಲೂ ಚಿತ್ರದುರ್ಗ, ಗದಗದ ಬೆಟ್ಟಸಾಲುಗಳಲ್ಲೂ ಹಾಗೇ. ಆಗ ತೋಟಕ್ಕೆ ನೀರು ಬೇಡ, ಅಣೆಕಟ್ಟುಗಳೂ ತುಂಬುತ್ತಿರುತ್ತವೆ. ನಮಗೆ ವಿದ್ಯುತ್ತು ತುರ್ತಾಗಿ ಬೇಕಾದ ಫೆಬ್ರವರಿ–ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಕಡಲಗಾಳಿಯೊಂದೇ ಗತಿ. ಸೂರ್ಯನಾದರೋ ಆ ತಿಂಗಳುಗಳಲ್ಲೇ ಉರಿಯುತ್ತಾನೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿ 2021ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ 50 ಮೆಗಾವಾಟಿನ ಸೌರ ಸ್ಥಾವರ ನಮ್ಮ ನೆರೆಯಲ್ಲೇ ಇದೆ. ಆದರೆ ಅಂಥ ಸ್ಥಾವರದ ವಿದ್ಯುತ್ತು ಮೇಲ್ಮಟ್ಟದ ಜಾಲಕ್ಕೆ ಹೋಗುತ್ತದೆ. ಪಕ್ಕದ ತೋಟದ ಕೊನೆಯ ಕಂಬಕ್ಕೆ ಅದರಿಂದ ನೇರ ಪ್ರಯೋಜನವಿಲ್ಲ. ಪ್ರಯೋಜನವಾಗಬೇಕಾದರೆ ಫಲಕಗಳು ಲೈನಿನ ತುದಿಯಲ್ಲೇ, ಪಂಪಿನ ಪಕ್ಕದಲ್ಲೇ ಇರಬೇಕು. 2019ರಲ್ಲಿ ಆರಂಭವಾದ ಪಿಎಂ–ಕುಸುಮ್ ಯೋಜನೆಯಲ್ಲಿ ಪಂಪುಗಳ ಸೌರೀಕರಣಕ್ಕೆ ಅವಕಾಶವಿದೆ, ಕೇರಳದಲ್ಲಿ ಅದನ್ನು ರಾಜ್ಯ ಸರಕಾರದ ಅನರ್ಟ್ ಸಂಸ್ಥೆ ನೋಡಿಕೊಳ್ಳುತ್ತದೆ. ತುದಿಯಲ್ಲೇ ಹುಟ್ಟಿ ತುದಿಯಲ್ಲೇ ಖರ್ಚಾಗುವ ಯೂನಿಟ್ಟು ತಂತಿಯ ಮೇಲೆ ಹರಿಯುವುದೇ ಇಲ್ಲ. ನಷ್ಟವನ್ನು ಬುಡಸಮೇತ ಕೀಳುವ ದಾರಿ ಇದು.

ಹಾಗಾದರೆ ಸಣ್ಣ ಗಾಳಿಯಂತ್ರದ ಚರಿತ್ರೆ ಬರೀ ಸೋಲಿನದೇ? ಅಲ್ಲ. ಡೆನ್ಮಾರ್ಕಿನ ಆಸ್ಕೋವ್ ಎಂಬ ಹಳ್ಳಿಯ ಜನಪದ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಪೌಲ್ ಲಾ ಕೂರ್ 1891ರಲ್ಲಿ ಗಾಳಿಯಂತ್ರದಿಂದ ವಿದ್ಯುತ್ತು ತೆಗೆದರು. ಅವರು ಯಂತ್ರ ಮಾಡಿ ಸುಮ್ಮನಾಗಲಿಲ್ಲ. ರೈತರ ಮಕ್ಕಳಿಗೆ ವೈರಿಂಗ್, ದುರಸ್ತಿ, ಲೆಕ್ಕ ಕಲಿಸಿ ಗ್ರಾಮೀಣ ಎಲೆಕ್ಟ್ರಿಷಿಯನ್‌ಗಳ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಡೆನ್ಮಾರ್ಕಿನ ಗಾಳಿ ಉದ್ಯಮದ ಬೇರು ಅಲ್ಲಿದೆ. ಅಮೆರಿಕದ ಬಯಲುಗಳಲ್ಲಿ 1920–30ರ ದಶಕಗಳಲ್ಲಿ ಸಾವಿರಾರು ರೈತರು ಗಾಳಿಯಿಂದ ಬ್ಯಾಟರಿ ತುಂಬಿಸಿ ದೀಪ, ರೇಡಿಯೋ ನಡೆಸಿದರು. 1935ರಲ್ಲಿ ಅಲ್ಲಿನ ಸರಕಾರ ಗ್ರಾಮೀಣ ವಿದ್ಯುದೀಕರಣ ಇಲಾಖೆ ತೆರೆದು, ರೈತರ ಸಹಕಾರಿ ಸಂಘಗಳಿಗೆ ಸಾಲ ಕೊಟ್ಟು ಲೈನ್ ಎಳೆಸಿದ ಮೇಲೆ ಎರಡೇ ದಶಕಗಳಲ್ಲಿ ಆ ಯಂತ್ರಗಳು ಮೂಲೆ ಸೇರಿದವು. ಒಳ್ಳೆಯ ಲೈನ್ ಬಂದಲ್ಲಿ ಸಣ್ಣ ಗಾಳಿಯಂತ್ರ ಸ್ಪರ್ಧಿಸಲಾರದು ಎಂಬುದಕ್ಕೆ ಇಷ್ಟು ದೊಡ್ಡ ಪುರಾವೆ ಇನ್ನೊಂದಿಲ್ಲ. ಬೆಂಗಳೂರಿನಲ್ಲೂ 1960ರ ದಶಕದಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ನೀರೆತ್ತುವ ಗಾಳಿಯಂತ್ರಗಳನ್ನು ರೂಪಿಸಿತು. ಮುಂದೆ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಬಟ್ಟೆಯ ಹಾಯಿ ಕಟ್ಟಿದ ಅಗ್ಗದ ಸವೋನಿಯಸ್ ಮಾದರಿಯ ಮೇಲೆ ಕೆಲಸ ಮಾಡಿದರು. ವಿನ್ಯಾಸದಲ್ಲಿ ಕೊರತೆಯಿರಲಿಲ್ಲ. ಆ ಕಾಲದಲ್ಲಿ ದೇಶದಲ್ಲಿ ಹಂಚಲಾದ ಗಾಳಿಪಂಪುಗಳಲ್ಲಿ ಬಹಳಷ್ಟು ಒಂದು ಬೇರಿಂಗು, ಒಂದು ವಾಷರು ಸಿಗದೆ, ಹತ್ತಿ ಸರಿಪಡಿಸುವವರಿಲ್ಲದೆ ನಿಂತುಹೋದವು. ಆಸ್ಕೋವ್‌ನ ಮೇಷ್ಟ್ರು ಮಾಡಿದ ಎರಡನೆಯ ಕೆಲಸವನ್ನು ನಾವು ಮಾಡಲಿಲ್ಲ.

ನಮ್ಮಲ್ಲಿ ಯೋಗ್ಯ ತಾಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪೊಸಡಿಗುಂಪೆಯಂಥ ಬೋಳುಗುಡ್ಡೆ, ಪದವುಗಳ ಪಶ್ಚಿಮದ ಅಂಚು, ಕಡಲಿಗೆ ಮುಖಮಾಡಿದ ತಲೆಗಳು ಇವೆ. ಅಲ್ಲಿ ಗಾಳಿ ಎಷ್ಟಿದೆ ಎಂಬುದನ್ನು ಟೊಪ್ಪಿ ಹಾರಿಹೋದ ಅನುಭವದಿಂದ ನಿರ್ಧರಿಸಲಾಗದು. ಈ ಪಾಠವನ್ನು ದೇಶಕ್ಕೆ ಕಲಿಸಿದವರು ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿ, ಹವಾಮಾನ ಇಲಾಖೆಯಲ್ಲಿ ದುಡಿದ ಅಣ್ಣಾ ಮಾಣಿ. ಅವರು 1983ರಲ್ಲಿ ಹೊರತಂದ ಭಾರತದ ಗಾಳಿ ಶಕ್ತಿಯ ದತ್ತಾಂಶ ಗ್ರಂಥ ಮತ್ತು ಆಮೇಲೆ ದೇಶದುದ್ದಕ್ಕೂ ನಡೆಸಿದ ಅಳತೆಗಳ ಮೇಲೆಯೇ ಇಂದಿನ ಗಾಳಿ ಉದ್ಯಮ ನಿಂತಿದೆ. ಅಳತೆಯ ಉಪಕರಣಗಳು ಇಲ್ಲೇ ತಯಾರಾಗಬೇಕೆಂದು ಅವರು ಬೆಂಗಳೂರಿನಲ್ಲಿ ಕಾರ್ಯಾಗಾರವನ್ನೂ ಕಟ್ಟಿದರು. ಈಗ ಚೆನ್ನೈಯ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಆ ಕೆಲಸವನ್ನು ನಡೆಸುತ್ತಿದೆ. ಪಡುಬಿದ್ರಿಯಲ್ಲಿ ದೊಡ್ಡ ಗಾಳಿಯಂತ್ರಗಳ ರೆಕ್ಕೆ ತಯಾರಿಸುವ ಕಾರ್ಖಾನೆಯೂ ಬಂತು. ಆದರೆ ಯಂತ್ರ ನಿಲ್ಲಿಸಲು ತಾಣ ಹುಡುಕುವವರು ಘಟ್ಟ ಹತ್ತಿ ಹೋಗುತ್ತಾರೆ. ಅದು ಅವರ ತಾತ್ಸಾರವಲ್ಲ, ಅಳತೆಯ ಫಲ.

ಗಡಿಯ ಬಗ್ಗೆ ಒಂದು ಮಾತು ಉಳಿದಿದೆ. ಮೆಸ್ಕಾಂನ 11 ಕೆ.ವಿ. ಲೈನಿನ ಕೊನೆಯ ಕಂಬಕ್ಕೂ ನಮ್ಮ ಲೈನಿನ ಕೊನೆಯ ಕಂಬಕ್ಕೂ ಕೆಲವೆಡೆ ಒಂದು ಗುಡ್ಡೆಯ ಅಂತರವೂ ಇಲ್ಲ. ಎರಡೂ ತುದಿಗಳನ್ನು ತುರ್ತಿಗೆ ಜೋಡಿಸುವ, ಎರಡೂ ಬದಿ ಮೀಟರಿರುವ ಒಂದು ಸ್ವಿಚ್ಚು ತಾಂತ್ರಿಕವಾಗಿ ಕಷ್ಟದ್ದಲ್ಲ. 110 ಕೆ.ವಿ.ಯಲ್ಲಿ ಎರಡು ರಾಜ್ಯಗಳು ಮಾಡಿಕೊಂಡ ಏರ್ಪಾಡನ್ನು 11 ಕೆ.ವಿ.ಯಲ್ಲಿ ಮಾಡಿಕೊಳ್ಳಲು ಎರಡು ನಿಯಂತ್ರಣ ಆಯೋಗಗಳ ಒಪ್ಪಿಗೆ ಬೇಕು. ಆ ಕೋರಿಕೆ ಇಟ್ಟುಕೊಂಡು ಹೋಗಬೇಕಾದವರು ಎರಡೂ ಬದಿಯ ಪಂಚಾಯತಿಗಳು.

ಈ ಸಭೆಯ ಮೂಲಕ ನನ್ನ ಕೋರಿಕೆ ಇಷ್ಟು. ಸುರತ್ಕಲ್ಲಿನ ಎನ್.ಐ.ಟಿ.ಕೆ., ಪೊವ್ವಲಿನ ಎಲ್.ಬಿ.ಎಸ್. ಕಾಲೇಜು, ಇವುಗಳ ವಿದ್ಯುತ್ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕಂಪ್ಯೂಟರಿನಲ್ಲಿ ಯಾವುದೋ ಕಾಲ್ಪನಿಕ ಫೀಡರ್ ಓಡಿಸುವ ಬದಲು ವರ್ಕಾಡಿಯ ಒಂದು ನಿಜವಾದ ಟ್ರಾನ್ಸ್‌ಫಾರ್ಮರನ್ನು ಆರಿಸಿಕೊಳ್ಳಲಿ. ಮಂಡಳಿಯ ಸೆಕ್ಷನ್ ಆಫೀಸು ಅವರಿಗೆ ಲೈನಿನ ನಕ್ಷೆಯನ್ನೂ ಮೀಟರ್ ಲೆಕ್ಕವನ್ನೂ ಕೊಡಲಿ. ತುದಿಯ ಮೂರು ಕಂಬಗಳಲ್ಲಿ ವೋಲ್ಟೇಜು ದಾಖಲಿಸುವ ಉಪಕರಣ ಡಿಸೆಂಬರಿನಿಂದ ಮೇವರೆಗೆ ಇರಲಿ. ಯಾವುದಾದರೊಂದು ಪದವಿನ ಮೇಲೆ ಪಂಚಾಯತಿ ಒಂದು ಅಳತೆಗಂಬ ನಿಲ್ಲಿಸಿ ಒಂದು ಪೂರ್ತಿ ವರ್ಷ ಗಾಳಿಯ ವೇಗ ಬರೆದಿಡಲಿ. ಫಲಿತಾಂಶ ಏನೇ ಬರಲಿ, ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿ ಗ್ರಾಮಸಭೆಯ ಮುಂದಿಡಬೇಕು. ಕೃಷಿಕ ಬಂಧುಗಳಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು. ಈ ಬಾರಿ ತೋಟಕ್ಕೆ ನೀರು ಬಿಡಲು ತೊಡಗುವ ಮೊದಲು, ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನವರೆಲ್ಲ ಒಮ್ಮೆ ಕೂಡಿ ಕೂತು, ಕೆಪಾಸಿಟರ್ ಹಾಕಿಸಿಕೊಳ್ಳಿ, ಪಂಪು ಓಡಿಸುವ ಹೊತ್ತನ್ನು ತಮ್ಮೊಳಗೆ ಹಂಚಿಕೊಳ್ಳಿ. ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ.